ಗುಂಗುರು ವಿಗ್: ಹಿಂದೆ ಗಂಟು, ಮುಂದೆ ಒರಟು. ಸರಿ ಮಾಡೋದು ಹೇಗೆ?

ಕಲಬುರಗಿ_ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ತಲೆಯಲ್ಲಿ ಅಲ್ಲಲ್ಲಿ ದುಂಡಗೆ ಕೂದಲು ಉದುರಿದೆ. ಚರ್ಮದ ಡಾಕ್ಟರ ಹತ್ತಿರ ತೋರಿಸುತ್ತಿದ್ದೇವೆ. ಅಲ್ಲಿವರೆಗೆ ಇರಲಿ ಅಂತ ಆನ್‌ಲೈನ್‌ನಲ್ಲಿ ಭುಜದವರೆಗೆ ಬರುವ ಗುಂಗುರು ವಿಗ್ ತರಿಸಿದೆವು. ಡಬ್ಬಿ ಮೇಲೆ ‘ಹ್ಯೂಮನ್ ಹೇರ್ ಮಿಕ್ಸ್’ ಅಂತಿದೆ, ಬೇರೆ ಏನೂ ಬರೆದಿಲ್ಲ.

ಈಗ ಕುತ್ತಿಗೆ ಹಿಂದೆ ಗಂಟು ಬಿದ್ದು ಹಗ್ಗದ ಹಾಗೆ ಆಗಿದೆ. ಹಣೆ ಮೇಲಿನ ಗುಂಗುರು ಒರಟಾಗಿ, ತುದಿ ಚುಚ್ಚುತ್ತವೆ. ಮಧ್ಯಾಹ್ನದ ಹೊತ್ತಿಗೆ ತಲೆ ತುರಿಕೆ ಬೇರೆ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚು ಅಂತಾಳೆ. ಬೀದರಿನಲ್ಲಿ ಮದುವೆ ಇದೆ, ಅಷ್ಟರೊಳಗೆ ಸರಿ ಆಗುತ್ತಾ?

ಬಣ್ಣದ_ಪೆಟ್ಟಿಗೆ

ಎಣ್ಣೆ ಬೇಡ ತಂಗಿ, ಸದ್ಯಕ್ಕೆ ಬಾಚಣಿಗೆಯೂ ಬೇಡ. ನಾನು ನಾಟಕದವರಿಗೆ ಮೇಕಪ್ ಮಾಡುವವನು, ವಿಗ್ ತೊಳೆಯುವ ಕೆಲಸವೂ ನನ್ನ ಪಾಲಿಗೇ ಬರುತ್ತದೆ. ಮೊದಲು ಅದು ಎಂಥ ಎಳೆ ಅಂತ ತಿಳಿಯಬೇಕು. ಡಬ್ಬಿ ಮೇಲಿನ ಮಾತು ನಂಬಬೇಡಿ.

ಒಳಗಡೆಯಿಂದ, ಕಾಣದ ಜಾಗದಿಂದ ಎರಡು ಮೂರು ಎಳೆ ಕತ್ತರಿಸಿ. ಮುಂದಿನಿಂದಲೂ ಒಂದೆರಡು. ವಿಗ್ ಬೇರೆ ಕೋಣೆಯಲ್ಲಿಡಿ. ಸ್ಟೀಲ್ ತಟ್ಟೆ ಮೇಲೆ, ಚಿಮಟದಲ್ಲಿ ಹಿಡಿದು ಸುಡಿ, ಪಕ್ಕದಲ್ಲಿ ನೀರಿರಲಿ. ಮನುಷ್ಯರ ಕೂದಲಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಮುಟ್ಟಿದರೆ ಪುಡಿಯಾಗುತ್ತದೆ. ಸಿಂಥೆಟಿಕ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಬಿಸಿ ಮಣಿ ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಇನ್ನೊಂದು. ಆ ವಿಗ್ ಹಾಕಿಕೊಂಡೇ ಅಡುಗೆ ಮನೆಗೆ ಹೋಗ್ತಾರಾ?

ಕಲಬುರಗಿ_ಅಕ್ಕ

ಅಣ್ಣಾ, ಸುಟ್ಟು ನೋಡಿದೆ. ಎಲ್ಲ ಎಳೆಯೂ ಕರಗಿ ಮಣಿ ಆಯಿತು, ಪ್ಲಾಸ್ಟಿಕ್ ವಾಸನೆ. ಮಿಕ್ಸ್ ಅಂತೆ, ಮಿಕ್ಸು!

ಹೌದು, ರೊಟ್ಟಿ ಬಡಿಯುವಾಗಲೂ ಅದು ತಲೆ ಮೇಲೇ ಇರುತ್ತದೆ. ಯಾರಾದರೂ ಬಂದುಬಿಟ್ಟರೆ ಅಂತ ತೆಗೆಯುವುದೇ ಇಲ್ಲ.

ಬಣ್ಣದ_ಪೆಟ್ಟಿಗೆ

ಹಾಗಾದರೆ ಮುಂದಿನ ಭಾಗದ ಕಥೆ ಗೊತ್ತಾಯಿತು. ರೊಟ್ಟಿ ಹಂಚಿನ ಬಿಸಿಗೆ ಎಳೆ ಸುಕ್ಕಾಗಿದೆ. ಕುಕ್ಕರ್ ಮುಚ್ಚಳ ತೆಗೆದಾಗಿನ ಉಗಿಯೂ ಅದನ್ನೇ ಮಾಡುತ್ತದೆ. ಅದು ಎಣ್ಣೆಗೂ ಶಾಂಪೂಗೂ ಹಿಂದಕ್ಕೆ ಬರಲ್ಲ, ತುದಿ ಕತ್ತರಿಸುವುದೊಂದೇ ದಾರಿ. ಇನ್ನು ಮುಂದೆ ಒಲೆ ಹತ್ತಿರ ವಿಗ್ ತೆಗೆದು ತೆಳು ಕಾಟನ್ ಸ್ಕಾರ್ಫ್ ಬಿಗಿಯಾಗಿ ಕಟ್ಟಿಕೊಳ್ಳಲಿ. ಯಾರಾದರೂ ಬಂದರೂ ಸ್ಕಾರ್ಫ್‌ನಲ್ಲಿ ಏನೂ ಕಾಣಲ್ಲ. ದೇವರ ಮನೆ ದೀಪ, ಆರತಿ ತಟ್ಟೆಗೂ ಇದೇ ಮಾತು.

ಹಿಂದಿನ ಗಂಟು ಬಿಡುತ್ತದೆ. ಅದು ಕಾಲರ್, ದುಪಟ್ಟಾ ಉಜ್ಜಿ ಆಗಿರುವುದು, ಮೇಲೆ ಬೆವರು. ಬಕೆಟ್‌ನಲ್ಲಿ ತಣ್ಣೀರು ತಗೊಂಡು ಸೌಮ್ಯ ಶಾಂಪೂ ಸ್ವಲ್ಪ ಕಲಸಿ, ವಿಗ್ ಅದ್ದಿ ತೆಗೆಯಿರಿ. ಬಟ್ಟೆ ಹಾಗೆ ಉಜ್ಜಬೇಡಿ, ಹಿಂಡಬೇಡಿ. ಆಮೇಲೆ ಬೇರೆ ನೀರಿಗೆ ಬಟ್ಟೆಗೆ ಹಾಕುವ ಸಾಫ್ಟ್‌ನರ್ ಒಂದು ಮುಚ್ಚಳ ಹಾಕಿ, ಕೂದಲಿನ ಭಾಗ ಮಾತ್ರ ಅರ್ಧ ಗಂಟೆ ನೆನೆಸಿ. ತಲೆಗೆ ತಾಗುವ ಟೋಪಿ ಭಾಗ ಅದರಲ್ಲಿ ಮುಳುಗಬಾರದು, ಆ ವಾಸನೆಯ ಎಣ್ಣೆಗಳು ನಿಮ್ಮ ತಂಗಿಯ ತಲೆಗೆ ಉರಿ ಮಾಡಬಹುದು. ನೆನೆದ ಮೇಲೆ ಬೆರಳಿನಿಂದ ತುದಿಯಿಂದ ಶುರು ಮಾಡಿ, ಮೇಲಕ್ಕೆ ಬನ್ನಿ. ಬೇರಿನಿಂದ ಎಳೆದರೆ ಗಂಟು ಬಿಗಿಯುತ್ತದೆ, ಕೂದಲು ಟೋಪಿಯಿಂದ ಕಿತ್ತೇ ಬರುತ್ತದೆ. ಸಿಕ್ಕು ಬಿಟ್ಟ ಮೇಲೆ ಅಗಲ ಹಲ್ಲಿನ ಬಾಚಣಿಗೆ. ಕೊನೆಗೆ ಚೆನ್ನಾಗಿ ತೊಳೆಯಿರಿ.

ನಿಮ್ಮ ಮನೆ ನೀರು ಬೋರ್‌ವೆಲ್ಲಿನದಾ?

ಕಲಬುರಗಿ_ಅಕ್ಕ

ಬೋರ್‌ದೇ. ಬಕೆಟ್ ತುಂಬ ಬಿಳಿ ಪೊರೆ ಹಿಡಿದಿರುತ್ತದೆ.

ಬಣ್ಣದ_ಪೆಟ್ಟಿಗೆ

ಅದೇ ಪೊರೆ ಕೂದಲ ಮೇಲೂ ಕೂತು ಒರಟು ಮಾಡುತ್ತದೆ. ಕೊನೆಯ ತೊಳೆತಕ್ಕೆ ಕುಡಿಯುವ ಆರ್‌ಒ ನೀರು ಬಳಸಿ. ಆದರೆ ಫಿಲ್ಟರ್‌ನಿಂದ ಹೊರಗೆ ಹೋಗುವ ವೇಸ್ಟ್ ನೀರು ಹಿಡಿದಿಟ್ಟಿದ್ದೀರಿ ಅಂದರೆ ಅದನ್ನಲ್ಲ. ಅದರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ. ಗಿಡಕ್ಕೂ ಕಷ್ಟ, ವಿಗ್ಗಿಗೂ ಕಷ್ಟ.

ಟವೆಲ್ ನಡುವೆ ಒತ್ತಿ ನೀರು ತೆಗೆದು ನೆರಳಲ್ಲಿ ಒಣಗಿಸಿ. ತಂತಿ ಸ್ಟ್ಯಾಂಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಉದ್ದ ಬಾಟಲಿ ಮೇಲಿಡಿ. ವಿಗ್ ಇಡುವ ಫೋಮಿನ ಗೊಂಬೆ ತಲೆ ಮೇಲೆ ಒದ್ದೆ ವಿಗ್ ಎಳೆದು ಕೂರಿಸಿದರೆ ಟೋಪಿ ಸಡಿಲ ಆಗುತ್ತದೆ. ಮಾಳಿಗೆ ಮೇಲಿನ ಬಿಸಿಲಿಗಂತೂ ಬೇಡವೇ ಬೇಡ. ಮೇ ತಿಂಗಳಲ್ಲಿ ನಮ್ಮೂರಲ್ಲಿ ಪಾರಾ 42 ದಾಟುತ್ತದೆ, ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಹೆಚ್ಚು.

ಬೀದರ್_ಪಾರ್ಲರ್

ನಡುವೆ ಬರ್ತೀನಿ. ನನ್ನ ಹತ್ತಿರ ಬರುವವರು ಬಹಳ ಕೇಳುವುದು ಕರ್ಲಿಂಗ್ ಐರನ್ ಬಗ್ಗೆ. ಡಬ್ಬಿ ಮೇಲೆ ‘ಹೀಟ್ ರೆಸಿಸ್ಟೆಂಟ್’ ಅಂತ ಇದ್ದು, ಎಷ್ಟು ಡಿಗ್ರಿ ಅಂತಲೂ ಬರೆದಿದ್ದರೆ ಮಾತ್ರ ಯೋಚಿಸಿ. ಎಷ್ಟೋ ಐರನ್ ಆನ್ ಮಾಡಿದ ಕೂಡಲೇ 200 ಡಿಗ್ರಿ ಹತ್ತಿರ ಹೋಗುತ್ತವೆ, ಅಷ್ಟು ಬಿಸಿಗೆ ಅಂಥ ಎಳೆಯೂ ತಡೆಯುವುದಿಲ್ಲ. ಅಕ್ಕಾ, ನಿಮ್ಮ ಡಬ್ಬಿಯಲ್ಲಿ ಏನೂ ಇಲ್ಲ, ಆದ್ದರಿಂದ ಬಿಸಿ ಪೂರ್ತಿ ಬಿಡಿ. ಬ್ಲೋ ಡ್ರೈಯರ್ ಕೂಡ ತಣ್ಣನೆ ಗಾಳಿಗೆ ಮಾತ್ರ.

ಸಿಂಥೆಟಿಕ್‌ಗೆ ಗುಂಗುರು ಕೊಡುವುದು ಕಾರ್ಖಾನೆಯಲ್ಲಿ. ತೊಳೆದು ಒಣಗಿದರೆ ತಾನೇ ಮತ್ತೆ ಸುರುಳಿಯಾಗುತ್ತದೆ. ಎಲ್ಲೋ ಸಡಿಲ ಕಂಡರೆ, ಒದ್ದೆ ಇರುವಾಗಲೇ ಆ ಎಳೆಯನ್ನು ಬೆರಳಿಗೆ ಸುತ್ತಿ ಬಿಡಿ, ಇಲ್ಲವೇ ಫೋಮ್ ರೋಲರ್ ಹಾಕಿ ರಾತ್ರಿ ಇಡಿ. ಒಣಗಿದ ಗುಂಗುರನ್ನು ಬ್ರಶ್ ಮಾಡಿದರೆ ಮಾತ್ರ ಹತ್ತಿ ಹಿಂಜಿದಂತೆ ಆಗುತ್ತದೆ.

ಯಾದಗಿರಿಯವಳು

ನನ್ನದು ನಿಜವಾದ ಕೂದಲಿನ ವಿಗ್. ಅದಕ್ಕಾದರೂ ಎಣ್ಣೆ ಹಚ್ಚಬಹುದಾ?

ಬೀದರ್_ಪಾರ್ಲರ್

ನಮ್ಮ ತಲೆಗೆ ಹಚ್ಚುವಷ್ಟು ಬೇಡ. ಧೂಳು ಹಿಡಿದು ಜಿಡ್ಡಾಗುತ್ತದೆ. ಆದರೆ ಆ ಕೂದಲಿಗೆ ಬೇರಿನಿಂದ ಜಿಡ್ಡು ಬರಲ್ಲ ಅಲ್ವಾ, ಅದಕ್ಕೇ ಬೇಗ ಒಣಗುತ್ತದೆ. ತೊಳೆದಾಗಲೆಲ್ಲ ಕಂಡಿಷನರ್ ನಡುವಿನಿಂದ ತುದಿವರೆಗೆ ಹಚ್ಚಿ. ಲೇಸ್ ಅಂದರೆ ಕೂದಲು ಕಟ್ಟಿರುವ ತೆಳು ಬಲೆ, ಅದರ ಮೇಲಿನ ಗಂಟಿಗೆ ತಾಗಿಸಬೇಡಿ, ಸಡಿಲವಾಗಿ ಕೂದಲು ಜಾರುತ್ತದೆ.

ಕಲಬುರಗಿ_ಅಕ್ಕ

ತುರಿಕೆಯದ್ದು ಹೇಳಲಿಲ್ಲ. ಮದುವೆಗೆ ಜಾರಬಾರದು ಅಂತ ಅಂಟು ಹಾಕಬೇಕು ಅಂದುಕೊಂಡಿದ್ದೇವೆ.

ಬಣ್ಣದ_ಪೆಟ್ಟಿಗೆ

ಅಂಟು ಬೇಡ ಅಂತಲೇ ನಾನು ಹೇಳುವುದು. ತೆಗೆಯುವಾಗ ಹಣೆ ಅಂಚಿನಲ್ಲಿ ಹೊಸದಾಗಿ ಬರುತ್ತಿರುವ ಕೂದಲನ್ನೂ ಎಳೆಯುತ್ತದೆ. ನಮ್ಮ ನಾಟಕದವರು ಗಡ್ಡ ಮೀಸೆಗೆ ಹಚ್ಚುವ ಸ್ಪಿರಿಟ್ ಗಮ್ ಯಾರಾದರೂ ಕೊಟ್ಟರೂ ತಗೋಬೇಡಿ. ಅದರಲ್ಲಿ ಆಲ್ಕೊಹಾಲ್ ಇರುತ್ತದೆ, ಹಸಿ ಇರುವಾಗ ಬೆಂಕಿ ಬೇಗ ಹಿಡಿಯುತ್ತದೆ, ಚರ್ಮಕ್ಕೂ ಉರಿ. ಹಾಕಲೇಬೇಕು ಅಂದರೆ ಮೊದಲು ಡಾಕ್ಟರನ್ನು ಕೇಳಿ, ಚರ್ಮಕ್ಕೆ ಅಂತಲೇ ಮಾಡಿದ ಅಂಟನ್ನು ಕಿವಿ ಹಿಂದೆ ಒಂದು ಚುಕ್ಕೆ ಹಚ್ಚಿ 24 ಗಂಟೆ ಬಿಟ್ಟು ನೋಡಿ. ಕೆಂಪಾದರೆ ಅಲ್ಲಿಗೇ ಬಿಡಿ.

ವಿಗ್ ಒಳಗೆ ಹಿಂದುಗಡೆ ಎರಡು ಪಟ್ಟಿ ಇರುತ್ತವೆ, ನೋಡಿ. ಎಷ್ಟೋ ಜನ ಅದನ್ನು ಮುಟ್ಟಿಯೇ ಇರಲ್ಲ. ಒಂದೊಂದು ಕೊಕ್ಕೆ ಬಿಗಿ ಮಾಡಿದರೆ ಸಾಕು. ತಲೆನೋವು ಬರುವಷ್ಟು ಬೇಡ. ತುರಿಕೆಗೆ ಕೆಳಗೆ ತೆಳು ಕಾಟನ್ ಟೋಪಿ ಹಾಕಿ ದಿನಾ ಒಗೆಯಲಿ. ವಿಗ್ಗಿನ ಒಳಭಾಗ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಲಿ. ಮನೆಯಲ್ಲಿರುವಾಗ ತೆಗೆದಿಟ್ಟರೆ ತಲೆಗೂ ಗಾಳಿ ಆಡುತ್ತದೆ. ಗುಳ್ಳೆ, ಕೀವು ಕಂಡರೆ ಇಲ್ಲಿ ಕೇಳುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಕಲಬುರಗಿ_ಅಕ್ಕ

ಗಂಟು ಬಿಟ್ಟಿತು! ಸ್ವಲ್ಪ ಕೂದಲು ಉದುರಿತು, ಪರವಾಗಿಲ್ಲ. ಪಟ್ಟಿ ನಿಜವಾಗಲೂ ಇತ್ತು. ಮುಂದಿನ ತುದಿ ಕತ್ತರಿಸುವುದೊಂದು ಉಳಿದಿದೆ. ಬೀದರ್ ರೈಲಿನಲ್ಲಿ ಹೋಗ್ತೀವಿ, ಕಿಟಕಿ ಗಾಳಿಗೆ ಮತ್ತೆ ಸಿಕ್ಕಾಗುತ್ತಾ?

ಬೀದರ್_ಪಾರ್ಲರ್

ಆಗುತ್ತದೆ. ರೈಲಿನಲ್ಲಿ ಸಡಿಲವಾಗಿ ಬಟ್ಟೆಯ ರಬ್ಬರ್ ಹಾಕಿ ಕಟ್ಟಲಿ, ಮೇಲೆ ಸ್ಯಾಟಿನ್ ಸ್ಕಾರ್ಫ್. ಸಾಧ್ಯವಾದರೆ ವಿಗ್ ಬಲೆಗೆ ಹಾಕಿ ಡಬ್ಬಿಯಲ್ಲಿ ತಂದು ಇಲ್ಲೇ ಹಾಕಿಕೊಳ್ಳಲಿ.

ತುದಿ ಕತ್ತರಿಸುವಾಗ ಪೂರ್ತಿ ಒಣಗಿರಲಿ. ಒದ್ದೆ ಗುಂಗುರು ಉದ್ದ ಕಾಣುತ್ತದೆ, ಒಣಗಿದರೆ ಮೇಲಕ್ಕೆ ಏರುತ್ತದೆ. ತಂಗಿಯ ತಲೆ ಮೇಲೆ ವಿಗ್ ಕೂರಿಸಿ, ಹುಬ್ಬಿನ ಕೆಳಗೇ ನಿಲ್ಲುವ ಹಾಗೆ, ಒಂದೊಂದೇ ಸುರುಳಿ ಹಿಡಿದು ಸ್ವಲ್ಪ ಸ್ವಲ್ಪ ಕತ್ತರಿಸಿ. ಇದು ಮತ್ತೆ ಬೆಳೆಯುವ ಕೂದಲಲ್ಲ.