ಸಹಾಯ ಬೇಕು: ಉಬುಂಟುವಿನ ಯಾವ ಪ್ಯಾಕೇಜಿಗೆ (ತಂತ್ರಾಂಶಕ್ಕೆ) ಎಲ್ಲಿಯವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಹತ್ತಿರ ನಮ್ಮೂರಿನ ವಾಚನಾಲಯದ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಎಲ್ಲದರಲ್ಲೂ ಉಬುಂಟು 22.04 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇದೆ. ಪಿಎಸ್‌ಸಿ ಅರ್ಜಿ ತುಂಬಲು ಬರುವವರು ಆಧಾರ್ ನಂಬರು, ಪಾಸ್‌ವರ್ಡ್ ಎಲ್ಲ ಇದರಲ್ಲೇ ಹಾಕುತ್ತಾರೆ. ಹಾಗಾಗಿ ಸುಮ್ನೆ ಬಿಡುವ ಹಾಗಿಲ್ಲ.

22.04ಕ್ಕೆ 2027ರವರೆಗೆ ಬೆಂಬಲ ಇದೆ, ಸರಿ. ಆದರೆ ಆ ಐದು ವರ್ಷದ ಮಾತು ‘ಮೇನ್’ ವಿಭಾಗದ (ಉಬುಂಟು ಕಂಪೆನಿಯೇ ನೋಡಿಕೊಳ್ಳುವ) ಪ್ಯಾಕೇಜುಗಳಿಗೆ ಅಲ್ವಾ? ಟರ್ಮಿನಲ್‌ನಲ್ಲಿ ‘ಪ್ರೊ ಸೆಕ್ಯುರಿಟಿ-ಸ್ಟೇಟಸ್’ ಕೊಟ್ಟರೆ ಮೇನ್‌ನವು ಎಷ್ಟು, ‘ಯೂನಿವರ್ಸ್’ನವು (ಸ್ವಯಂಸೇವಕರ ಸಮುದಾಯ ನೋಡಿಕೊಳ್ಳುವವು) ಎಷ್ಟು, ಹೊರಗಿನಿಂದ ಹಾಕಿದವು ಎಷ್ಟು ಅಂತ ಲೆಕ್ಕ ಬರುತ್ತದೆ. ನಾವು ದಿನಾ ಬಳಸುವ ವಿಎಲ್‌ಸಿ (ವಿಡಿಯೊ ನೋಡಲು), ಜಿಂಪ್ (ಚಿತ್ರ ತಿದ್ದಲು) ಎರಡೂ ಯೂನಿವರ್ಸ್‌ನವು. ‘ಉಬುಂಟು ಪ್ರೊ’ ಎಂಬ ಹೆಚ್ಚುವರಿ ಬೆಂಬಲದ ಯೋಜನೆಗೆ ಸೇರದಿದ್ದರೆ ಅವುಗಳ ರಿಪೇರಿ ಖಾತ್ರಿ ಇಲ್ಲ. ನನಗೆ ಚಿಂತೆ ಇದೇ.

ಹಳೆಯ ಉಬುಂಟು 18.04ರಲ್ಲಿದ್ದ ‘ಉಬುಂಟು-ಸಪೋರ್ಟ್-ಸ್ಟೇಟಸ್’ ಕಮಾಂಡ್ ಎಲ್ಲಿಯವರೆಗೆ ಬೆಂಬಲ ಅಂತ ತಿಂಗಳು, ವರ್ಷ ಸಮೇತ ತೋರಿಸುತ್ತಿತ್ತು. ಒಂದೊಂದೇ ಪ್ಯಾಕೇಜಿನ ಕೊನೆ ದಿನಾಂಕ ಹಾಗೆ ನೋಡಲು ಈಗ ದಾರಿ ಇದೆಯಾ?

ಇನ್ನೊಂದು ಪ್ರಶ್ನೆ. ಪ್ರೊ ಐದು ಯಂತ್ರಗಳವರೆಗೆ ಉಚಿತ, ಆದರೆ ಅದು ಸ್ವಂತ ಬಳಕೆಗೆ. ವಾಚನಾಲಯದವರು ಯಾರಾದರೂ ತೆಗೆದುಕೊಂಡಿದ್ದೀರಾ? ನಿಯಮ ಮೀರಿ ಹಾಕಲು ನನಗೆ ಮನಸ್ಸಿಲ್ಲ.

ಪ್ರಿಂಟರಿನ ಡ್ರೈವರನ್ನು ಕಂಪೆನಿಯ ಸೈಟಿನಿಂದ ಇಳಿಸಿ ಹಾಕಿದ್ದು. ಅದಕ್ಕೆ ಉಬುಂಟುವಿನ ಅಪ್‌ಡೇಟ್ ಬರುವುದೇ ಇಲ್ಲ. ಅಂಥದ್ದರ ಮೇಲೆ ನೀವು ಹೇಗೆ ಕಣ್ಣಿಡುತ್ತೀರಿ?

ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ‘ಚೆಕ್-ಸಪೋರ್ಟ್-ಸ್ಟೇಟಸ್’ ಕಮಾಂಡ್ ಬೆಂಬಲ ಮುಗಿದವನ್ನು ಹೆಸರು ಹಿಡಿದು ಹೇಳುತ್ತದೆ. ಬಳಸಿದವರಿದ್ದರೆ ದಯವಿಟ್ಟು ಹೇಳಿ, ಡೆಬಿಯನ್‌ಗೇ ಬದಲಾಯಿಸುವುದು ಒಳ್ಳೆಯದಾ?