‘ಸಮೀಪದೃಷ್ಟಿ ದೋಷ’: ಕಾಣದಿರುವುದು ಹತ್ತಿರದ್ದೋ, ದೂರದ್ದೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕಲಬುರಗಿಯ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಮಗುವಿಗೆ ಕನ್ನಡಕ ಬೇಕಾಗಿದೆಯೇ ಎಂದು ಮನೆಯವರು ಗುರುತಿಸುವುದು ಹೇಗೆ ಎಂಬುದರ ಬಗ್ಗೆ ಪಾಲಕರಿಗೆ ಒಂದು ಪುಟದ ತಿಳಿವಳಿಕೆ ಪತ್ರ ಬರೆಯುವ ಕೆಲಸ ನನಗೆ ಬಂತು. ವಿಜ್ಞಾನದ ಪಠ್ಯದಲ್ಲಿರುವಂತೆಯೇ ‘ಸಮೀಪದೃಷ್ಟಿ ದೋಷ’ ಎಂದು ಬರೆದೆ. ಆ ಪದವೇ ಎಡವಿಸಿತು.

ನಾಲ್ಕನೆಯ ತರಗತಿಯ ಹುಡುಗನೊಬ್ಬ ಕಣ್ಣು ಕಿರಿದು ಮಾಡಿ ಕರಿಹಲಗೆ ನೋಡುತ್ತಿದ್ದ. ಆಮೇಲೆ ಪಕ್ಕದವನ ನೋಟ್‌ಬುಕ್ಕಿನಿಂದ ಬರೆದುಕೊಳ್ಳುತ್ತಿದ್ದ. ಅವನ ತಂದೆಗೆ ಪತ್ರ ಕೊಟ್ಟೆ. ಅವರು ಎರಡು ಸಲ ಓದಿ ನಿರಾಳರಾದರು. “ಸರ್, ಇವನಿಗೆ ಸಮೀಪದ್ದೆಲ್ಲ ಚೆನ್ನಾಗಿ ಕಾಣುತ್ತದೆ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಎಷ್ಟು ಸಣ್ಣ ಅಕ್ಷರವನ್ನಾದರೂ ಓದುತ್ತಾನೆ. ಈ ದೋಷ ಇವನಿಗಿಲ್ಲ” ಎಂದರು. ಮೂರು ತಿಂಗಳು ಹಾಗೆಯೇ ಹೋಯಿತು. ಕೊನೆಗೆ ತಪಾಸಣೆ ಮಾಡಿಸಿದಾಗ ಎರಡೂ ಕಣ್ಣಿಗೆ ಮೈನಸ್ 2 ನಂಬರು. ಅಂದರೆ ಕನ್ನಡಕವಿಲ್ಲದೆ ಅರ್ಧ ಮೀಟರಿನಿಂದಾಚೆ ಇರುವುದೆಲ್ಲ ಆ ಮಗುವಿಗೆ ಮಸುಕು. ಮೂರು ತಿಂಗಳು ಅವನು ಕರಿಹಲಗೆಯನ್ನು ಓದಿರಲೇ ಇಲ್ಲ.

ಆ ತಂದೆಯ ಓದು ತಪ್ಪೆಂದು ನನಗೆ ಅನಿಸುವುದಿಲ್ಲ. ಮುದ್ರಣದೋಷ ಎಂದರೆ ಮುದ್ರಣದಲ್ಲಿರುವ ದೋಷ, ಉಚ್ಚಾರಣದೋಷ ಎಂದರೆ ಉಚ್ಚಾರಣೆಯಲ್ಲಿರುವ ದೋಷ. ಅದೇ ಹಾದಿಯಲ್ಲಿ ಹೋದವರಿಗೆ ಸಮೀಪದೃಷ್ಟಿ ದೋಷ ಎಂದರೆ ಸಮೀಪದ ದೃಷ್ಟಿಯಲ್ಲಿರುವ ದೋಷವೇ. ಪಾರಿಭಾಷಿಕ ಪದವಾದರೋ ‘ಪುನರುಕ್ತಿ ದೋಷ’ದ ಜಾತಿಯದು: ಪುನರುಕ್ತಿಯೇ ದೋಷ, ಸಮೀಪಕ್ಕಷ್ಟೇ ದೃಷ್ಟಿ ಇರುವುದೇ ದೋಷ. ಎರಡು ಬಗೆಯ ಸಮಾಸ, ಹೊರಗೆ ಒಂದೇ ರೂಪ. ಗಡಿಯಾಚೆಯ ತೆಲುಗು ಪಠ್ಯಗಳಲ್ಲಿ ಇದಕ್ಕೆ ‘ಹ್ರಸ್ವದೃಷ್ಟಿ’ ಎನ್ನುತ್ತಾರೆ. ನೋಟ ಗಿಡ್ಡ ಎಂಬುದು ಅಲ್ಲಿ ನೇರವಾಗಿಯೇ ಇದೆ. ಹತ್ತಿರದ್ದು ಮಸುಕಾಗುವ ದೋಷಕ್ಕೆ ನಾವು ಹೇಳುವ ‘ದೂರದೃಷ್ಟಿ’ಯ ಪಾಡು ಇನ್ನೂ ಕಷ್ಟ, ಅದು ಹೊಗಳಿಕೆಯ ಮಾತೂ ಆಗಿದೆ.

ಹಾಗಿದ್ದರೆ ಏನು ಬರೆಯಬೇಕು? ‘ಇರುಳುಗುರುಡು’ ನನಗೆ ಒಳ್ಳೆಯ ಮಾದರಿಯಾಗಿ ಕಾಣುತ್ತದೆ. ಯಾವಾಗ ಕಾಣುವುದಿಲ್ಲವೋ ಅದನ್ನೇ ಆ ಪದ ಹೇಳುತ್ತದೆ. ಆದರೆ ಮಗುವಿನ ಮೇಲೆ ‘ಕುರುಡು’ ಎಂಬ ಮಾತು ಹೊರಿಸಲು ಮನಸ್ಸಿಲ್ಲ. ಸದ್ಯಕ್ಕೆ ‘ದೂರಮಸುಕು’, ‘ಹತ್ತಿರಮಸುಕು’ ಎಂದು ತಿದ್ದಿಟ್ಟಿದ್ದೇನೆ. ಸಮಾಸ ಕಿವಿಗೆ ಒಗ್ಗುತ್ತದೆಯೇ, ಹೇಳಿ.

ದೊಡ್ಡವರ ತೊಂದರೆಗೆ ಮಾತ್ರ ಹೊಸ ಪದ ಬೇಡವೆನಿಸುತ್ತದೆ. ನಮ್ಮ ಅವ್ವ ಲಗ್ನಪತ್ರಿಕೆಯನ್ನು ತೋಳು ಚಾಚಿ ದೂರ ಹಿಡಿದು, ಅದೂ ಸಾಲದೆ ಕುತ್ತಿಗೆಯನ್ನು ಹಿಂದಕ್ಕೆ ಎಳೆದುಕೊಂಡು ಮುಹೂರ್ತ ಓದಲು ನೋಡಿದ ದಿನವೇ “ನನಗೂ ಚಾಳೀಸು ಬಂತು” ಎಂದಳು. ಈಗ ಸೂಜಿಗೆ ದಾರ ಪೋಣಿಸುವಾಗ “ಚಾಳೀಸು ಕೊಡು” ಎನ್ನುತ್ತಾಳೆ. ತೊಂದರೆಗೂ ಅದೇ ಹೆಸರು, ಮದ್ದಿಗೂ ಅದೇ ಹೆಸರು. ನಲವತ್ತರ ಆಸುಪಾಸಿನಲ್ಲಿ ಕಣ್ಣೊಳಗಿನ ಮಸೂರ ಗಡುಸಾಗಿ ಹತ್ತಿರದ ನೋಟಕ್ಕೆ ಬಾಗದಂತಾಗುತ್ತದೆ. ಆ ವಯಸ್ಸನ್ನೇ ಪದ ಹಿಡಿದಿಟ್ಟಿದೆ. ನನ್ನನ್ನು ಕಾಡುವುದು ಅದರ ‘ಳ’ಕಾರ. ಇಲ್ಲಿಯ ಬಜಾರಿನ ದಖನಿ ಉರ್ದುವಿನಲ್ಲಿ ನಲವತ್ತು ‘ಚಾಲೀಸ್’, ಮರಾಠಿಯಲ್ಲಿ ‘ಚಾಳೀಸ’. ‘ಚಷ್ಮಾ’ ಕಣ್ಣೆಂಬ ಅರ್ಥದ ಪಾರಸಿ ‘ಚಷ್ಮ್’ನಿಂದ ಉರ್ದುವಿನ ಮೂಲಕ ನಮ್ಮಲ್ಲಿಗೆ ಬಂದಿದೆ, ಚಾಳೀಸು ಮರಾಠಿಯ ಬಾಗಿಲಿನಿಂದ ಬಂದಿರಬೇಕು ಎಂದು ನನ್ನ ಊಹೆ.

ಬೀದರ್, ಭಾಲ್ಕಿ, ಔರಾದ ಕಡೆಯವರು ಇದನ್ನು ‘ಲ’ಕಾರದಲ್ಲಿ ಆಡುವುದನ್ನು ಕೇಳಿದ್ದೀರಾ? ಯಾದಗಿರಿ, ಗುರುಮಠಕಲ್ ಕಡೆ ದೂರದ್ದು ಕಾಣದವರ ಕಣ್ಣಿಗೆ ಮನೆಮಾತಿನಲ್ಲಿ ಬೇರೆ ಹೆಸರಿದೆಯೇ? ಇದ್ದರೆ ನನ್ನ ‘ದೂರಮಸುಕ’ನ್ನು ತೆಗೆದು ಅದನ್ನೇ ಹಾಕುತ್ತೇನೆ. ಪತ್ರ ಮುಂದಿನ ಪಾಲಕರ ಸಭೆಯ ಹೊತ್ತಿಗೆ ಅಚ್ಚಾಗಬೇಕು.