ಗಾಜಿನೊಳಗೆ ಬೆಳಕು ನಿಧಾನ, ಆದರೂ ಫೈಬರ್‌ಗೆ ಈ ವೇಗ ಬಂದದ್ದು ಎಲ್ಲಿಂದ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಇಂಟರ್‌ನೆಟ್ ತರೋ ಗಾಜಿನ ಎಳೆ, ಅಂದ್ರೆ ಫೈಬರ್‌ನಲ್ಲಿ ಹೋಗೋದು ಬೆಳಕು, ಅದಕ್ಕೇ ಅದು ಅಷ್ಟು ವೇಗ ಅಂತ ಎಲ್ಲ ಕಡೆ ಹೇಳ್ತಾರೆ. ಆದರೆ ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಅಷ್ಟೇ. ಒಳ್ಳೆಯ ತಾಮ್ರದ ಕೇಬಲ್‌ನಲ್ಲೂ ಸಿಗ್ನಲ್ ಹೆಚ್ಚುಕಮ್ಮಿ ಅದೇ ವೇಗದಲ್ಲಿ ಹೋಗುತ್ತೆ. ಹಾಗಿದ್ರೆ ಫೈಬರ್ ಗೆದ್ದದ್ದು ಹೇಗೆ? ಇದರ ಶ್ರೇಯ ಒಂದೇ ಒಂದು ಆವಿಷ್ಕಾರಕ್ಕೆ ಕೊಡಬೇಕು ಅಂದ್ರೆ ಯಾವುದಕ್ಕೆ ಕೊಡ್ತೀರಿ? ಈ ಕೆಲಸದಲ್ಲಿ ಇರೋರು ದಯವಿಟ್ಟು ತಿಳಿಸಿ.

ಉತ್ತರ (ಆಪ್ಟಿಕಲ್ ನೆಟ್‌ವರ್ಕ್ ಎಂಜಿನಿಯರ್): ನಿಮ್ಮ ಲೆಕ್ಕ ಸರಿಯಾಗಿದೆ. ವೇಗ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಸಂಗತಿಗಳನ್ನು ಬೆರೆಸಿಬಿಡುತ್ತೇವೆ. ಮೊದಲ ಬಿಟ್ ಆ ತುದಿ ಮುಟ್ಟಲು ಎಷ್ಟು ಹೊತ್ತು ಬೇಕು ಎನ್ನುವುದು ಒಂದು. ಒಂದು ಸೆಕೆಂಡಿನಲ್ಲಿ ಎಷ್ಟು ಬಿಟ್ ಮುಟ್ಟುತ್ತವೆ ಎನ್ನುವುದು ಇನ್ನೊಂದು. ಫೈಬರ್ ಗೆದ್ದಿರುವುದು ಎರಡನೆಯದರಲ್ಲಿ. ತಾಮ್ರದಲ್ಲಿ ಆವರ್ತನ ಏರಿದಷ್ಟೂ ಸಿಗ್ನಲ್ ಬೇಗ ಸೊರಗುತ್ತದೆ. ನಾವು ಬಳಸುವ 1550 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಆವರ್ತನ ಸುಮಾರು 193 ಟೆರಾಹರ್ಟ್ಸ್. ಅದರ ಆಸುಪಾಸಿನ ಸಣ್ಣದೊಂದು ಪಟ್ಟಿಯನ್ನು ಹಿಡಿದರೂ 4 ಟೆರಾಹರ್ಟ್ಸ್‌ಗಿಂತ ಹೆಚ್ಚು ಜಾಗ ಸಿಗುತ್ತದೆ.

ಜಾಗವಿದ್ದರೆ ಸಾಲದು, ಗಾಜು ಬೆಳಕನ್ನು ದೂರದವರೆಗೆ ಬಿಡಬೇಕು. 1960ರ ದಶಕದಲ್ಲಿ ಸಿಗುತ್ತಿದ್ದ ಫೈಬರ್‌ಗಳಲ್ಲಿ ನಷ್ಟ ಕಿಲೋಮೀಟರಿಗೆ 1000 ಡೆಸಿಬೆಲ್ ಮಟ್ಟದಲ್ಲಿತ್ತು. ಪ್ರತಿ 10 ಡೆಸಿಬೆಲ್ ನಷ್ಟಕ್ಕೆ ಬೆಳಕು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಹತ್ತು ಮೀಟರ್ ದಾಟುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲು ಬೆಳಕು ಮಾತ್ರ ಉಳಿಯುತ್ತಿತ್ತು. ದೋಷ ಗಾಜಿನದ್ದಲ್ಲ, ಅದರಲ್ಲಿ ಸೇರಿಕೊಂಡ ಕಬ್ಬಿಣ, ತಾಮ್ರದಂಥ ಕಶ್ಮಲಗಳದ್ದು ಎಂದು 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್ಹ್ಯಾಮ್ ವಾದಿಸಿದರು. ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗೆ ಇಳಿಸಿದರೆ ಸಂಪರ್ಕಕ್ಕೆ ಬಳಸಬಹುದು ಎಂಬ ಗುರಿಯನ್ನೂ ಇಟ್ಟರು. 1970ರಲ್ಲಿ ಕಾರ್ನಿಂಗ್ ಕಂಪನಿಯ ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್, ಪೀಟರ್ ಶುಲ್ಟ್ಜ್ 17 ಡೆಸಿಬೆಲ್ ಮುಟ್ಟಿದರು. ಇಂದಿನ ಫೈಬರ್‌ನಲ್ಲಿ ನಷ್ಟ 0.2ರ ಆಸುಪಾಸು. ಅಂದು ಒಂದು ಕಿಲೋಮೀಟರ್ ದಾಟಿ ನೂರಕ್ಕೆ ಒಂದು ಪಾಲು ಬೆಳಕು ಉಳಿದರೆ ಸಾಕು ಎನ್ನುತ್ತಿದ್ದರು. ಇಂದು ನೂರು ಕಿಲೋಮೀಟರ್ ದಾಟಿದ ಮೇಲೂ ಅಷ್ಟು ಉಳಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ ಎಡೆಬಿಡದೆ ಉರಿಯುವ ಅರೆವಾಹಕ ಲೇಸರ್ ಬಂದದ್ದೂ 1970ರಲ್ಲೇ.

ಇಷ್ಟಾದರೂ ಒಂದನ್ನೇ ಆರಿಸಿ ಎಂದರೆ ನನ್ನ ಆಯ್ಕೆ ಇವು ಯಾವುದೂ ಅಲ್ಲ. ನಾನು ಎರ್ಬಿಯಂ ಆಂಪ್ಲಿಫೈಯರ್ ಎನ್ನುತ್ತೇನೆ.

ಪ್ರಶ್ನೆ: ಆಂಪ್ಲಿಫೈಯರಾ ಸರ್? ಅದು ತಾಮ್ರದ ಕೇಬಲ್‌ಗೂ ಇತ್ತಲ್ಲ?

ಉತ್ತರ: ಇತ್ತು, ಆದರೆ ಬೆಳಕನ್ನು ಬೆಳಕಾಗಿಯೇ ಹಿಗ್ಗಿಸುವಂಥದ್ದು ಇರಲಿಲ್ಲ. 1988ರಲ್ಲಿ ಅಟ್ಲಾಂಟಿಕ್ ಸಾಗರದಡಿ ಹಾಕಿದ ಮೊದಲ ಫೈಬರ್ ಕೇಬಲ್ ಟ್ಯಾಟ್-8 ಅನ್ನೇ ನೋಡಿ. ದಾರಿಯುದ್ದಕ್ಕೂ ಇದ್ದ ರಿಪೀಟರ್‌ಗಳು ಸೊರಗಿದ ಬೆಳಕನ್ನು ವಿದ್ಯುತ್ತಾಗಿಸಿ, ಬಿಟ್‌ಗಳನ್ನು ತಿದ್ದಿ, ಹೊಸ ಲೇಸರ್‌ನಿಂದ ಮತ್ತೆ ಬೆಳಕಾಗಿಸಿ ಕಳಿಸುತ್ತಿದ್ದವು. ಪ್ರತಿ ಫೈಬರ್ ಜೋಡಿಗೆ ಸೆಕೆಂಡಿಗೆ 280 ಮೆಗಾಬಿಟ್. ರಿಪೀಟರ್ ಯಾವ ದರಕ್ಕೆ ತಯಾರಾಗಿತ್ತೋ ಕೊನೆಯವರೆಗೂ ಅದೇ ದರ. ಇನ್ನೊಂದು ಬಣ್ಣದ (ಅಂದರೆ ಬೇರೆ ತರಂಗಾಂತರದ) ಬೆಳಕು ಸೇರಿಸಬೇಕೆಂದರೆ ಅದಕ್ಕೆ ಬೇರೆಯೇ ಲೇಸರ್, ಬೇರೆಯೇ ವಿದ್ಯುನ್ಮಂಡಲ ಬೇಕು, ಅದೂ ಪ್ರತಿ ನಿಲ್ದಾಣದಲ್ಲಿ.

1987ರ ಹೊತ್ತಿಗೆ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ತಂಡ, ಬೆಲ್ ಲ್ಯಾಬ್ಸ್‌ನಲ್ಲಿ ಎಮ್ಯಾನುಯೆಲ್ ಡೆಸುರ್ವಿರ್ ಮತ್ತು ಜೊತೆಗಾರರು ಬೇರೆ ದಾರಿ ತೋರಿಸಿದರು. ಕೆಲವು ಮೀಟರ್ ಫೈಬರ್‌ನ ಒಡಲಿಗೆ, ಅಂದರೆ ಬೆಳಕು ಹರಿಯುವ ನಡುಭಾಗಕ್ಕೆ, ಎರ್ಬಿಯಂ ಎಂಬ ಧಾತುವನ್ನು ಚೂರೇ ಚೂರು ಬೆರೆಸುವುದು. 980 ಅಥವಾ 1480 ನ್ಯಾನೋಮೀಟರ್‌ನ ಪಂಪ್ ಲೇಸರ್‌ನಿಂದ ಅದರ ಅಯಾನುಗಳಿಗೆ ಶಕ್ತಿ ತುಂಬುವುದು. ಸೊರಗಿದ ಸಿಗ್ನಲ್ ಅಲ್ಲಿ ಹಾಯ್ದಾಗ ಆ ಅಯಾನುಗಳು ತಮ್ಮ ಶಕ್ತಿಯನ್ನು ಅದೇ ಬಣ್ಣದ, ಅದೇ ಲಯದ ಬೆಳಕಾಗಿ ಬಿಟ್ಟುಕೊಡುತ್ತವೆ. ನಡುವೆ ವಿದ್ಯುತ್ತಾಗುವ ಮಾತೇ ಇಲ್ಲ.

ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ ಒಂದಿದೆ. ಎರ್ಬಿಯಂ ಬೆಳಕು ಸೂಸುವುದು 1550 ನ್ಯಾನೋಮೀಟರ್ ಆಸುಪಾಸಿನಲ್ಲಿ. ಸಿಲಿಕಾ ಗಾಜು ಅತ್ಯಂತ ಪಾರದರ್ಶಕವಾಗಿರುವುದೂ ಅಲ್ಲೇ! ಇದು ಯಾರೂ ಹೊಂದಿಸಿದ್ದಲ್ಲ, ಪ್ರಕೃತಿಯಲ್ಲೇ ಹಾಗಿದೆ.

ಒಂದೇ ಆಂಪ್ಲಿಫೈಯರ್ ಎಂಬತ್ತು ಬಣ್ಣಗಳನ್ನು ಒಟ್ಟಿಗೆ ಹಿಗ್ಗಿಸುತ್ತದೆ. ಬಿಟ್ ದರ ಎಷ್ಟಿದ್ದರೂ ಅದಕ್ಕೆ ಚಿಂತೆಯಿಲ್ಲ. ಒಂದೇ ಫೈಬರ್‌ನಲ್ಲಿ ಹಲವು ಬಣ್ಣಗಳನ್ನು ಪೇರಿಸುವ ಡಬ್ಲ್ಯುಡಿಎಂ ವಿಧಾನ ದೂರದ ದಾರಿಗಳಲ್ಲಿ ಲಾಭದ್ದಾಗಿದ್ದು ಇದರಿಂದಲೇ. ಸಾಗರದಡಿಯ ಹಳೆಯ ಕೇಬಲ್‌ನ ಎರಡು ತುದಿಗಳ ಉಪಕರಣ ಬದಲಿಸಿ ಅದರ ಸಾಮರ್ಥ್ಯವನ್ನು ಹಲವು ಪಟ್ಟು ಏರಿಸಲು ಸಾಧ್ಯವಾದದ್ದೂ ಇದರಿಂದಲೇ. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು, ಬರಲೇಬೇಕಿತ್ತು. ಆಂಪ್ಲಿಫೈಯರ್ ಮಾಡಿದವರ ಹೆಸರು ಮಾತ್ರ ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವುದು ಅಪರೂಪ. ಇದು ನನಗೆ ಬೇಸರದ ವಿಷಯ.

ಇನ್ನೊಬ್ಬ ಸದಸ್ಯರು: ನರಿಂದರ್ ಸಿಂಗ್ ಕಪಾನಿಯವರನ್ನು ಬಿಟ್ಟೇಬಿಟ್ಟಿರಲ್ಲ ಸರ್? ಫೈಬರ್ ಆಪ್ಟಿಕ್ಸ್‌ನ ಜನಕ ಅಂತ ಓದಿದ್ದೇನೆ.

ಉತ್ತರ: ನೆನಪಿಸಿದ್ದು ಒಳ್ಳೆಯದಾಯಿತು. 1954ರಲ್ಲಿ ಕಪಾನಿ ಮತ್ತು ಹೆರಾಲ್ಡ್ ಹಾಪ್ಕಿನ್ಸ್ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿ ತೋರಿಸಿದರು. ಫೈಬರ್ ಆಪ್ಟಿಕ್ಸ್ ಎಂಬ ಹೆಸರು ಜನರ ಬಾಯಿಗೆ ಬಂದದ್ದು ಕಪಾನಿಯವರಿಂದ. ಆದರೆ ಅದು ಎಂಡೋಸ್ಕೋಪ್‌ನಂಥ ಬಳಕೆಗೆ, ಒಂದೆರಡು ಮೀಟರಿನ ದೂರಕ್ಕೆ. ದೂರಸಂಪರ್ಕದ ದಾರಿ ಕಾವೊ ಅವರಿಂದ ಶುರು. ಇಬ್ಬರ ಕೆಲಸ ಬೇರೆ ಬೇರೆ, ಒಬ್ಬರನ್ನು ಮೇಲೆತ್ತಲು ಇನ್ನೊಬ್ಬರನ್ನು ಇಳಿಸಬೇಕಾಗಿಲ್ಲ.

ಪ್ರಶ್ನೆ: ಈಗ ಒಂದೇ ಬಣ್ಣದಲ್ಲಿ 400 ಗಿಗಾಬಿಟ್ ಅಂತಾರೆ. ಲೇಸರನ್ನು ಅಷ್ಟು ಬೇಗ ಆರಿಸಿ ಹೊತ್ತಿಸೋಕೆ ಆಗುತ್ತಾ?

ಉತ್ತರ: ಇಲ್ಲ, ಆ ವಿಧಾನ ದೂರದ ದಾರಿಯಲ್ಲಿ 10 ಗಿಗಾಬಿಟ್ ದಾಟುವಷ್ಟರಲ್ಲೇ ತಿಣುಕತೊಡಗಿತ್ತು. ಈಗ ಲೇಸರ್ ಉರಿಯುತ್ತಲೇ ಇರುತ್ತದೆ. ಮುಂದೆ ಕೂತ ಮಾಡ್ಯುಲೇಟರ್ ಅಲೆಯ ಎತ್ತರವನ್ನೂ ಫೇಸನ್ನೂ (ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎನ್ನುವುದನ್ನೂ) ಬದಲಿಸುತ್ತದೆ. ಎತ್ತರ ಮತ್ತು ಫೇಸ್‌ಗಳ 16 ಜೋಡಣೆಗಳನ್ನು ಬಳಸುವ 16-ಕ್ವಾಮ್ (QAM) ವಿಧಾನದಲ್ಲಿ ಒಂದು ಸಂಕೇತಕ್ಕೆ 4 ಬಿಟ್. ಬೆಳಕಿನ ಎರಡು ಧ್ರುವೀಕರಣಗಳಲ್ಲೂ (ಅಲೆ ಕಂಪಿಸುವ ಎರಡು ದಿಕ್ಕುಗಳಲ್ಲೂ) ಬರೆದರೆ 8 ಬಿಟ್. ಸೆಕೆಂಡಿಗೆ 64 ಶತಕೋಟಿ ಸಂಕೇತ ಕಳಿಸಿದರೆ 512 ಗಿಗಾಬಿಟ್. ತಪ್ಪು ತಿದ್ದುವ ಹೆಚ್ಚುವರಿ ಬಿಟ್ ಮತ್ತಿತರ ಖರ್ಚು ಕಳೆದು 400 ಕೈಗೆ ಸಿಗುತ್ತದೆ. ಆ ತುದಿಯಲ್ಲಿ ಇನ್ನೊಂದು ಲೇಸರ್ ಜೊತೆ ಬೆರೆಸಿ ಫೇಸ್ ಓದುತ್ತಾರೆ, ಇದೇ ಕೋಹೆರೆಂಟ್ ಪದ್ಧತಿ. ದಾರಿಯಲ್ಲಿ ಅಗಲವಾಗಿ ಹರಡಿಹೋದ ಪಲ್ಸ್‌ಗಳನ್ನು ಚಿಪ್ ಒಂದು ಲೆಕ್ಕ ಹಾಕಿ ಮೊದಲಿನಂತೆ ಮಾಡುತ್ತದೆ. ಮುಂಚೆ ಈ ಕೆಲಸಕ್ಕೆ ಸುರುಳಿ ಸುರುಳಿ ವಿಶೇಷ ಫೈಬರ್ ಇಡಬೇಕಿತ್ತು.

ಪ್ರಶ್ನೆ: ಹಾಗಾದ್ರೆ ಲೇಸರ್ ಶಕ್ತಿ ಏರಿಸ್ತಾ ಹೋದ್ರೆ ಇನ್ನೂ ಹೆಚ್ಚು ಬಿಟ್ ತುಂಬಬಹುದಲ್ವಾ?

ಉತ್ತರ: ಒಂದು ಮಟ್ಟದವರೆಗೆ ಮಾತ್ರ. ಫೈಬರ್‌ನ ಒಡಲಿನ ಅಗಲ ಸುಮಾರು 9 ಮೈಕ್ರೋಮೀಟರ್. ಅಷ್ಟು ಕಿರಿದಾದ ಜಾಗದಲ್ಲಿ ಬೆಳಕು ತೀವ್ರವಾದರೆ ಗಾಜಿನ ವಕ್ರೀಭವನಾಂಕವನ್ನೇ (ಗಾಜು ಬೆಳಕನ್ನು ಎಷ್ಟು ನಿಧಾನಿಸುತ್ತದೆ ಎಂಬ ಅಳತೆಯನ್ನೇ) ಬದಲಿಸಿಬಿಡುತ್ತದೆ. ಒಂದು ಬಣ್ಣ ಪಕ್ಕದ ಬಣ್ಣವನ್ನು ಕೆಡಿಸುತ್ತದೆ. ಆಮೇಲೆ ಶಕ್ತಿ ಏರಿಸಿದಷ್ಟೂ ಸಿಗ್ನಲ್ ಹದಗೆಡುತ್ತದೆ. ಅದಕ್ಕೇ ಈಗ ಒಂದೇ ಫೈಬರ್‌ನಲ್ಲಿ ಹಲವು ಒಡಲು ಇಡುವ ಪ್ರಯತ್ನ, ಒಂದೇ ಕೇಬಲ್‌ನಲ್ಲಿ ಹೆಚ್ಚು ಫೈಬರ್ ಜೋಡಿ ತುಂಬುವ ಪ್ರಯತ್ನ ನಡೆದಿವೆ. ಇನ್ನೊಂದು ದಾರಿ ಟೊಳ್ಳು ಫೈಬರ್. ಅದರ ನಡುವೆ ಗಾಜಿಲ್ಲ, ಗಾಳಿ. 2025ರಲ್ಲಿ ಅದರ ನಷ್ಟ ಕಿಲೋಮೀಟರಿಗೆ 0.1 ಡೆಸಿಬೆಲ್‌ಗಿಂತ ಕೆಳಗಿಳಿದ ವರದಿ ಬಂದಿದೆ. ಇದು ಸಾಮಾನ್ಯ ಫೈಬರ್‌ಗಿಂತಲೂ ಕಡಿಮೆ.

ಪ್ರಶ್ನೆ: ಅಂದ್ರೆ ಅದರಲ್ಲಿ ಬೆಳಕು ನಿಜವಾಗಿಯೂ ಬೇಗ ಹೋಗುತ್ತೆ! 6,000 ಕಿ.ಮೀ.ಗೆ 30 ಮಿಲಿಸೆಕೆಂಡ್ ಬದಲು 20 ಸಾಕಾ ಸರ್?

ಉತ್ತರ: ಹೌದು, ಒಂದು ದಿಕ್ಕಿಗೆ. ಹೋಗಿ ಬರಲು 60ರ ಬದಲು 40. ನೀವು ಮೊದಲು ಕೇಳಿದ ಆ ವೇಗವನ್ನು ನಿಜಕ್ಕೂ ಏರಿಸುವ ಫೈಬರ್ ಇದು.